ತಲೆಕೆಳಗಾದ ಮೇಲ್ಮುದ್ರೆಯ ರೆವೆನ್ಯೂ ಸ್ಟಾಂಪ್ ಕೊಂಡಿದ್ದೇನೆ: ಇದು ಅಸಲಿಯೇ, ನೋಡಿ ಹೇಳುವಿರಾ?

ಹೊಸಆಲ್ಬಂ:
ಎಲ್ಲರಿಗೂ ನಮಸ್ಕಾರ. ಅಂಚೆಚೀಟಿ ಕೂಡಿಡುವ ಹವ್ಯಾಸ ನನಗೆ ಚಿಕ್ಕಂದಿನಿಂದ ಇದೆ. ರೆವೆನ್ಯೂ ಸ್ಟಾಂಪ್‌ಗಳ ಕಡೆಗೆ ಮನಸ್ಸು ತಿರುಗಿದ್ದು ಮಾತ್ರ ಈಚೆಗೆ. ಹೋದ ವಾರ ಆನ್‌ಲೈನ್ ಹರಾಜಿನಲ್ಲಿ ಅಮೆರಿಕದ ಎರಡು ಸೆಂಟಿನ ಕೆಂಪು ಚೀಟಿಯೊಂದನ್ನು ಕೊಂಡೆ. ವಾಷಿಂಗ್ಟನ್ ಮುಖದ ಮೇಲೆ ನೀಲಿ ಶಾಯಿಯಲ್ಲಿ ‘ಐ.ಆರ್.’ ಎಂಬ 1898ರ ಮೇಲ್ಮುದ್ರೆ, ಅದೂ ತಲೆಕೆಳಗಾಗಿ. ‘ಬಳಸಿದ್ದು, ತಲೆಕೆಳಗಾದ ಮೇಲ್ಮುದ್ರೆ, ಅಪರೂಪ’ ಎಂದಷ್ಟೇ ವಿವರಣೆ ಇತ್ತು. ಚಿತ್ರ ಒಂದೇ, ಬೆರಳುಗುರಿನಷ್ಟು.

ಈಗ ಚೀಟಿ ಕೈಯಲ್ಲಿದೆ. ಇಂಥ ತಲೆಕೆಳಗಾದ ಪ್ರಭೇದ ಉಂಟು ಎಂದು ಕ್ಯಾಟಲಾಗ್ ಹೇಳುತ್ತದೆ. ಆದರೆ ಭೂತಗನ್ನಡಿ ಹಿಡಿದಾಗಿನಿಂದ ಸಮಾಧಾನವಿಲ್ಲ. ರದ್ದುಗೊಳಿಸಿದ ಗುರುತು ಪೆನ್ನಿನದಲ್ಲ, ಕಪ್ಪು ಸಮಾನಾಂತರ ಗೆರೆಗಳು. ನೀಲಿ ಅಕ್ಷರದ ಕೆಳಗಿನ ಚುಕ್ಕೆ ಅಂಚಿನ ಒಂದು ಹಲ್ಲಿನ ಮೇಲೆ ಬಿದ್ದಿದೆ. ಹಿಂದಿರುಗಿಸಲು ಇನ್ನು ಕೆಲವೇ ದಿನ ಬಾಕಿ ಇವೆ. ಏನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು, ದಯವಿಟ್ಟು ತಿಳಿಸಿ.

ಹಳೆಮೊಳೆ:
ಹೊಸಆಲ್ಬಂ ಅವರೇ, ಮೊದಲು ಒಂದು ಮಾತು. ನಿಮ್ಮ ಕೈಯಲ್ಲಿರುವುದು ಒಂದು ವಸ್ತುವಲ್ಲ, ಎರಡು. ಒಂದು ಚೀಟಿ, ಇನ್ನೊಂದು ಅದರ ಮೇಲೆ ಬಿದ್ದ ಮುದ್ರೆ. ಚೀಟಿ ಅಸಲಿಯೆಂಬುದರಲ್ಲಿ ನನಗೆ ಸಂಶಯವೇ ಇಲ್ಲ, ಏಕೆಂದರೆ ಆ ಕೆಂಪು ಎರಡು ಸೆಂಟು ಆ ಕಾಲದ ಅತಿ ಸಾಮಾನ್ಯ ಚೀಟಿಗಳಲ್ಲಿ ಒಂದು. ಕಾಗದ, ನೀರ್ಗುರುತು, ರಂಧ್ರಗಳು ಎಲ್ಲವೂ ಸರಿಯಾಗಿಯೇ ಇರುತ್ತವೆ. ಅದರಿಂದ ಮೇಲ್ಮುದ್ರೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಮೋಸ ಮಾಡುವವನಿಗೆ ಬೇಕಾದದ್ದೂ ಅದೇ: ಅಗ್ಗದ ಅಸಲಿ ಚೀಟಿ, ಎರಡೇ ಅಕ್ಷರದ ಮುದ್ರೆ.

ಈ ಮುದ್ರೆ ಹುಟ್ಟಿದ್ದು ಅವಸರದಲ್ಲಿ. ಸ್ಪೇನ್ ವಿರುದ್ಧದ ಯುದ್ಧಕ್ಕೆ ಹಣ ಹೊಂದಿಸಲು ಅಮೆರಿಕ ದಸ್ತಾವೇಜುಗಳ ಮೇಲೆ ತೆರಿಗೆ ಹಾಕಿತು. ಅದು 1898ರ ಜುಲೈ 1ರಂದು ಜಾರಿಗೆ ಬಂತು. ಯುದ್ಧನೌಕೆಯ ಚಿತ್ರವಿರುವ ಹೊಸ ಸ್ಟಾಂಪ್‌ಗಳು ಸಾಲದೆ, ಒಂದು ಮತ್ತು ಎರಡು ಸೆಂಟಿನ ಅಂಚೆಚೀಟಿಗಳ ಮೇಲೆಯೇ ‘ಇಂಟರ್ನಲ್ ರೆವೆನ್ಯೂ’ ಎಂಬುದರ ಮೊದಲಕ್ಷರಗಳನ್ನು ಒತ್ತಿದರು. ಒಂದು ಸೆಂಟಿನ ಮೇಲೆ ಕೆಂಪು ಶಾಯಿ, ಎರಡು ಸೆಂಟಿನ ಮೇಲೆ ನೀಲಿ. ಹಾಳೆ ತಿರುಗಿಸಿ ಇಟ್ಟಲ್ಲಿ ಮುದ್ರೆ ತಲೆಕೆಳಗಾಯಿತು.

ನಾನು ಬಹುಕಾಲ ಟ್ರೆಡಲ್ ಎಂಬ ಕಾಲಿನಿಂದ ತುಳಿಯುವ ಮುದ್ರಣಯಂತ್ರದಲ್ಲಿ ಮೊಳೆ, ಅಂದರೆ ಲೋಹದ ಅಕ್ಷರದಚ್ಚು, ಜೋಡಿಸಿ ಮುದ್ರಿಸಿದವನು. ಮೊಳೆಯ ಅಚ್ಚು ಕಾಗದವನ್ನು ಕಚ್ಚುತ್ತದೆ. ಒತ್ತಿದಾಗ ಶಾಯಿ ಅಕ್ಷರದ ನಡುವಿನಿಂದ ಅಂಚಿಗೆ ಸರಿದು ಅಲ್ಲಿ ತೆಳುವಾದ ಕಟ್ಟೆ ಕಟ್ಟುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜಿನಲ್ಲಿ ಅಕ್ಷರದ ಸುತ್ತ ಗಾಢ ಗೆರೆಯೂ ಒಳಗೆ ತುಸು ತಿಳಿ ಬಣ್ಣವೂ ಕಾಣಬೇಕು. ಚೀಟಿಯ ಬೆನ್ನು ಮೇಲೆ ಮಾಡಿ, ದೀಪವನ್ನು ಪಕ್ಕದಿಂದ ಹಾಯಿಸಿ ನೋಡಿ: ಒತ್ತಿದ ಅಕ್ಷರ ಸಣ್ಣ ಉಬ್ಬಾಗಿ ಕಂಡೀತು. ಬಳಸಿದ ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಒಣಗಿಸಿ, ಭಾರವಿಟ್ಟು ಚಪ್ಪಟೆ ಮಾಡಿದ್ದರೆ ಆ ಉಬ್ಬು ಮಾಯವಾಗಿರಬಹುದು. ಆದ್ದರಿಂದ ಉಬ್ಬಿಲ್ಲವೆಂದ ಮಾತ್ರಕ್ಕೆ ನಕಲಿ ಎನ್ನಬೇಡಿ. ಅಂಚಿನ ಕಟ್ಟೆ ಮಾತ್ರ ನೀರಿಗೆ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ರಬ್ಬರ್ ಮೊಹರಿನಿಂದ ಒತ್ತಿದ್ದರೆ ಅಂಚು ಮೆತ್ತಗಿರುತ್ತದೆ, ಕಚ್ಚಿದ ಗುರುತಿರುವುದಿಲ್ಲ. ಲೇಸರ್ ಪ್ರಿಂಟರಿನದಾದರೆ ಪುಡಿ ಕರಗಿ ಕಾಗದದ ಮೇಲೆಯೇ ಕೂತಿರುತ್ತದೆ, ಹೊಳೆಯುತ್ತದೆ, ಅಕ್ಷರದ ಸುತ್ತ ಚೆಲ್ಲಾಪಿಲ್ಲಿಯಾದ ಕಣಗಳು ಇರುತ್ತವೆ. ಇಂಕ್‌ಜೆಟ್‌ನ ನೀಲಿಯನ್ನು ಇಪ್ಪತ್ತು ಮೂವತ್ತು ಪಟ್ಟು ಹಿಗ್ಗಿಸಿದರೆ ಅದು ನೀಲಿಯೇ ಅಲ್ಲ. ತಿಳಿನೀಲಿ ಮತ್ತು ಗುಲಾಬಿ ಚುಕ್ಕೆಗಳು ಪಕ್ಕಪಕ್ಕದಲ್ಲಿ ಕಾಣುತ್ತವೆ, ಕಾಗದದ ನಾರಿನ ಉದ್ದಕ್ಕೆ ಹರಡಿರುತ್ತವೆ. 1898ರಲ್ಲಿ ಒಂದು ಬಣ್ಣಕ್ಕೆ ಒಂದೇ ಶಾಯಿ.

ದಯವಿಟ್ಟು ಅಕ್ಷರವೊಂದರ ಹತ್ತಿರದ ಚಿತ್ರ ಹಾಕಿ. ಬೆನ್ನಿನದೂ ಇರಲಿ.

ರಂಧ್ರಮಾಪಕ:
ಹಲ್ಲಿನ ಮೇಲೆ ಚುಕ್ಕೆ ಬಿದ್ದಿದೆ ಎಂದಿರಲ್ಲ, ನನಗೆ ಆ ಚುಕ್ಕೆಯೇ ಮುಖ್ಯ. ಸಾಮಾನ್ಯವಾಗಿ ಇಂಥ ಮೇಲ್ಮುದ್ರೆ ಬೀಳುವುದು ಇಡೀ ಹಾಳೆಯ ಮೇಲೆ. ಚೀಟಿಗಳನ್ನು ಹರಿದು ಬಿಡಿಸುವುದು ಆಮೇಲೆ. ಹರಿದಾಗ ಹಲ್ಲಿನ ತುದಿಯಲ್ಲಿ ಹೊಸ ನಾರು ಹೊರಬರುತ್ತದೆ. ಆ ನಾರು ಬಿಳಿಯಾಗಿರಬೇಕು. ನಾರಿಗೂ ನೀಲಿ ಹತ್ತಿದ್ದರೆ ಅಥವಾ ಹಲ್ಲಿನ ದಪ್ಪಕ್ಕೆ ಶಾಯಿ ಇಳಿದಿದ್ದರೆ, ಚೀಟಿಯನ್ನು ಬಿಡಿಸಿದ ಮೇಲೆ ಮುದ್ರೆ ಒತ್ತಿದ್ದಾರೆಂದು ಅರ್ಥ. ಒಂದು ಎಚ್ಚರಿಕೆ: ರಂಧ್ರದ ದುಂಡನೆಯ ಒಳಅಂಚಿಗೆ ಶಾಯಿ ತಾಗಿದ್ದರೆ ತಪ್ಪಲ್ಲ, ರಂಧ್ರ ಕೊರೆದ ಹಾಳೆಯ ಮೇಲೆ ಒತ್ತಿದಾಗ ಹಾಗಾಗಬಹುದು. ನೋಡಬೇಕಾದದ್ದು ಹರಿದ ತುದಿಯನ್ನು.

ಇನ್ನು ಕೊಳ್ಳುವ ಮುನ್ನವೇ ಮಾಡಬಹುದಾದ ಅಳತೆಯ ಕೆಲಸ. ಮಾರುವವರು ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯುವುದಿಲ್ಲ. ಆದರೆ ಚೀಟಿಯ ಅಂಚಿನಲ್ಲಿಯೇ ಅಳತೆಪಟ್ಟಿ ಇದೆ. ರಂಧ್ರದ ಅಳತೆ 12 ಎಂದರೆ ಎರಡು ಸೆಂಟಿಮೀಟರಿನಲ್ಲಿ ಹನ್ನೆರಡು ರಂಧ್ರ, ಅಂದರೆ ಆರು ರಂಧ್ರಕ್ಕೆ ಒಂದು ಸೆಂಟಿಮೀಟರು. 14 ಆದರೆ ಏಳು ರಂಧ್ರಕ್ಕೆ ಒಂದು. ನಿಮ್ಮ ಎರಡು ಸೆಂಟಿನ ಚೀಟಿ 12ರದು. ಚಿತ್ರವನ್ನು ಎಷ್ಟೇ ಹಿಗ್ಗಿಸಿ ಕುಗ್ಗಿಸಿ, ಅಕ್ಷರಗಳು ಎಷ್ಟು ರಂಧ್ರಗಳ ಅಗಲಕ್ಕೆ ಹರಡಿವೆ ಎಂದು ಎಣಿಸಿದರೆ ಅವುಗಳ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. ಅದೇ ಚೀಟಿಯ ಸಾಮಾನ್ಯ, ಅಗ್ಗದ, ನೇರ ಮುದ್ರೆಯ ಪ್ರತಿಯೊಂದಿಗೆ ಹೋಲಿಸಿ. ತಲೆಕೆಳಗಾದ ಮುದ್ರೆಯನ್ನೂ ಅದೇ ಅಚ್ಚಿನಿಂದ ಒತ್ತಿರುತ್ತಾರೆ, ತಿರುಗಿದ್ದು ಹಾಳೆ ಮಾತ್ರ. ಆದ್ದರಿಂದ ಎರಡೂ ಕೂದಲೆಳೆಯಷ್ಟೂ ಬೇರೆಯಾಗಬಾರದು. ಈ ಅಳತೆಯೊಂದರಿಂದಲೇ ನಾನು ಹರಾಜು ಕೂಗದೆ ಕೈಬಿಟ್ಟ ಚೀಟಿಗಳು ಹಲವು.

ದಸ್ತಾವೇಜು:
ರದ್ದತಿಯ ಗುರುತಿನ ಬಗ್ಗೆ ಬರೆಯುತ್ತೇನೆ, ರೆವೆನ್ಯೂ ಸ್ಟಾಂಪಿನಲ್ಲಿ ಕಾನೂನು ಕಾಣಿಸುವ ಜಾಗ ಅದು. ಅಂಚೆಚೀಟಿಯನ್ನು ರದ್ದುಗೊಳಿಸುವುದು ಅಂಚೆ ಕಚೇರಿ, ರೆವೆನ್ಯೂ ಸ್ಟಾಂಪನ್ನು ರದ್ದುಗೊಳಿಸುವುದು ಅದನ್ನು ಹಚ್ಚಿದವರು. 1898ರ ಅಮೆರಿಕದ ಕಾನೂನು ಬಳಸಿದವರ ಹೆಸರಿನ ಮೊದಲಕ್ಷರ ಮತ್ತು ದಿನಾಂಕ ಬರೆಯಬೇಕೆಂದಿತು. ಭಾರತದ 1899ರ ಸ್ಟಾಂಪ್ ಕಾಯ್ದೆಯ 12ನೇ ಕಲಮೂ ಸ್ಟಾಂಪಿನ ಮೇಲೆ ಅಡ್ಡಲಾಗಿ ಹೆಸರನ್ನೋ ಮೊದಲಕ್ಷರವನ್ನೋ ದಿನಾಂಕದೊಡನೆ ಬರೆದು ರದ್ದುಗೊಳಿಸುವ ದಾರಿ ತೋರಿಸುತ್ತದೆ. ಹಾಗಾಗಿ ಪೆನ್ನಿನ ಗೀಟು ರೆವೆನ್ಯೂ ಸ್ಟಾಂಪಿಗೆ ಕಳಂಕವಲ್ಲ, ಅದೇ ಅದರ ಸಾಕ್ಷಿ. ನಿಮ್ಮ ಚೀಟಿಯ ಸಮಾನಾಂತರ ಗೆರೆಗಳು ಅಂಚೆ ಕಚೇರಿಯ ಮೊಹರಿನವು. ಅಂಚೆಯಲ್ಲಿ ಬಳಸಿದ ಚೀಟಿಗೆ ಆಮೇಲೆ ‘ಐ.ಆರ್.’ ಒತ್ತಿರಬಹುದೆಂಬ ಅನುಮಾನ ನನಗೆ ಬಲವಾಗಿದೆ. ಮೊಹರಿನಲ್ಲಿ ತಿಂಗಳು, ವರ್ಷ ಏನಾದರೂ ಉಳಿದಿದೆಯೇ? 1898ರ ಜುಲೈಗಿಂತ ತೀರ ಹಿಂದಿನ ದಿನಾಂಕವಾದರೆ ಬೇರೆ ಪರೀಕ್ಷೆಯೇ ಬೇಡ.

ಇದೇ ಮಾತಿಗೆ ಸೇರಿದ ಇನ್ನೊಂದು ವಿಚಾರ. ಭಾರತದ ಹಳೆಯ ಕೋರ್ಟ್ ಫೀ ಸ್ಟಾಂಪ್‌ಗಳಲ್ಲಿ ರಾಜನ ಅಥವಾ ರಾಣಿಯ ತಲೆಯಿರುವ ಕಡೆ ದುಂಡನೆಯ ತೂತು ಇರುತ್ತದೆ. ಮಾರುವವರು ಇದನ್ನು ಒಮ್ಮೆ ‘ಹಾಳಾದದ್ದು’ ಎನ್ನುತ್ತಾರೆ, ಒಮ್ಮೆ ‘ಕಂಪನಿಯ ಗುರುತಿಗಾಗಿ ಚುಚ್ಚಿದ ವಿಶೇಷ ಪ್ರತಿ’ ಎಂದು ಬೆಲೆ ಏರಿಸುತ್ತಾರೆ. ಎರಡೂ ತಪ್ಪು. 1870ರ ಕೋರ್ಟ್ ಫೀ ಕಾಯ್ದೆಯ 30ನೇ ಕಲಮು ತಲೆಯ ಭಾಗವನ್ನು ತೂತು ಹೊಡೆದು ತೆಗೆಯಬೇಕು, ಮೊತ್ತದ ಅಂಕಿಗೆ ಧಕ್ಕೆಯಾಗಬಾರದು, ಹೊರಬಂದ ಚೂರನ್ನು ಸುಟ್ಟು ಅಥವಾ ಬೇರೆ ರೀತಿಯಲ್ಲಿ ನಾಶಮಾಡಬೇಕು ಎಂದು ವಿಧಿಸಿತ್ತು. ಆ ತೂತು ನ್ಯಾಯಾಲಯದ ಸಹಿ ಇದ್ದಂತೆ. ಕಂಪನಿಗಳು ಕಳವು ತಡೆಯಲು ಚುಚ್ಚಿಸುತ್ತಿದ್ದ ಗುರುತು ಸಣ್ಣ ಸಣ್ಣ ರಂಧ್ರಗಳ ಸಾಲು, ಅದರಲ್ಲಿ ಅಕ್ಷರ ಮೂಡಿರುತ್ತದೆ. ಒಮ್ಮೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರು ಮತ್ತೆ ಗೊಂದಲಪಡುವುದಿಲ್ಲ.

ಲಕೋಟೆಪ್ರಿಯ:
ದಸ್ತಾವೇಜು ಅವರೇ, ಒಂದು ಕಡೆ ನಿಮ್ಮ ಮಾತಿಗೆ ತಡೆ ಹಾಕುತ್ತೇನೆ. ಅಂಚೆ ಮೊಹರು ಇದ್ದ ಮಾತ್ರಕ್ಕೆ ನಕಲಿ ಎಂದು ತೀರ್ಮಾನಿಸಲಾಗದು. ಮೇಜಿನ ಖಾನೆಯಲ್ಲಿ ಉಳಿದ ‘ಐ.ಆರ್.’ ಚೀಟಿಗಳನ್ನು ಜನ ಪತ್ರಗಳಿಗೂ ಹಚ್ಚಿದ್ದಾರೆ. ನಿಯಮಕ್ಕೆ ವಿರುದ್ಧವಾದರೂ ಕೆಲವು ದಾಟಿ ಹೋಗಿವೆ. ಆದರೆ ಅಂಥದ್ದನ್ನು ನಾನು ಇಡೀ ಲಕೋಟೆಯ ಮೇಲೆ, ಮೊಹರು ಚೀಟಿಯಿಂದ ಲಕೋಟೆಗೆ ಹರಿದಿದ್ದರೆ ಮಾತ್ರ ನಂಬುತ್ತೇನೆ. ಬಿಡಿ ಚೀಟಿಯಲ್ಲಿ ಉಳಿಯುವ ಪ್ರಶ್ನೆ ಒಂದೇ: ನೀಲಿ ಮೊದಲೋ ಕಪ್ಪು ಮೊದಲೋ? ಅಸಲಿಯಾದರೆ ಕೆಳಗಿನಿಂದ ಮೇಲಕ್ಕೆ ಕಾಗದ, ಕೆಂಪು ಚಿತ್ರ, ನೀಲಿ ಮುದ್ರೆ, ಕೊನೆಗೆ ಕಪ್ಪು ಮೊಹರು. ಈ ಕ್ರಮ ತಪ್ಪಿದ್ದರೆ ಬೇರೆ ವಾದಕ್ಕೆ ಜಾಗವಿಲ್ಲ.

ದಸ್ತಾವೇಜು:
ಒಪ್ಪಿದೆ. ಲಕೋಟೆಯ ಮೇಲಿನ ಬಳಕೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹೊಸಆಲ್ಬಂ:
ಎಲ್ಲರಿಗೂ ಧನ್ಯವಾದ. ಸ್ಕ್ಯಾನರನ್ನು ಅತಿ ಹೆಚ್ಚಿನ ರೆಸಲ್ಯೂಷನ್‌ಗೆ ಇಟ್ಟು ಮೂರು ಚಿತ್ರ ಹಾಕಿದ್ದೇನೆ. ನನಗೆ ಕಂಡದ್ದು ಹೀಗಿದೆ. ಬೆನ್ನು ಚಪ್ಪಟೆಯಾಗಿದೆ, ಉಬ್ಬಿಲ್ಲ. ಅಕ್ಷರದ ಅಂಚಿನಲ್ಲಿ ಗಾಢ ಗೆರೆಯೂ ಇಲ್ಲ, ನಡುವೆ ಅಂಚಿನಷ್ಟೇ ಬಣ್ಣ. ಹಲ್ಲಿನ ತುದಿಯ ನಾರಿಗೆ ನೀಲಿ ಹತ್ತಿದಂತಿದೆ, ಆದರೆ ನನ್ನ ಕಣ್ಣು ನಾನು ಕೇಳಿದ್ದನ್ನೇ ಕಾಣುತ್ತಿದೆಯೋ ಎಂಬ ಭಯವೂ ಇದೆ. ಮೊಹರಿನಲ್ಲಿ ದಿನಾಂಕವಿಲ್ಲ, ನಾಲ್ಕು ಗೆರೆಗಳಷ್ಟೇ. ಕಪ್ಪು ಗೆರೆ ನೀಲಿ ಅಕ್ಷರವನ್ನು ದಾಟುವ ಕಡೆ ಕಪ್ಪೇ ಮೇಲಿದ್ದಂತೆ ತೋರುತ್ತದೆ. ಹಾಗಾದರೆ ಅಸಲಿಯೇ?

ಹಳೆಮೊಳೆ:
ದಯವಿಟ್ಟು ಅಷ್ಟಕ್ಕೇ ನಿಲ್ಲಬೇಡಿ. ಎರಡು ಬಣ್ಣ ಕೂಡಿದ ಕಡೆ ಗಾಢ ಬಣ್ಣವೇ ಮೇಲಿದ್ದಂತೆ ಕಣ್ಣಿಗೆ ತೋರುತ್ತದೆ. ಕಪ್ಪಿನ ಮೇಲೆ ನೀಲಿ ಬಿದ್ದರೂ ಕಪ್ಪೇ ಎದ್ದು ಕಾಣುತ್ತದೆ. ಮೇಲಿನಿಂದ ಬೆಳಕು ಬಿಡುವ ಸ್ಕ್ಯಾನರಿನಲ್ಲಿ ಈ ಪ್ರಶ್ನೆ ಎಂದೂ ಬಗೆಹರಿಯುವುದಿಲ್ಲ.

ಹೀಗೆ ಮಾಡಿ. ಕೋಣೆಯ ದೀಪ ಆರಿಸಿ. ಚೀಟಿಯನ್ನು ಕಪ್ಪು ಹಲಗೆಯ ಮೇಲಿಟ್ಟು, ಸಣ್ಣ ಟಾರ್ಚನ್ನು ಹಲಗೆಗೆ ತಾಗುವಷ್ಟು ಕೆಳಗೆ ಹಿಡಿಯಿರಿ. ಗಾಜಿನಲ್ಲಿ ಬಣ್ಣವನ್ನು ನೋಡಬೇಡಿ, ಹೊಳಪನ್ನು ನೋಡಿ. ಮುದ್ರಣದ ಶಾಯಿಗೆ ಒಂದು ಬಗೆಯ ಹೊಳಪು, ಮೊಹರಿನ ಶಾಯಿಗೆ ಇನ್ನೊಂದು. ಕೂಡುವ ಜಾಗದಲ್ಲಿ ಯಾವ ಹೊಳಪು ತುಂಡಾಗದೆ ದಾಟುತ್ತದೆಯೋ ಅದೇ ಮೇಲಿನ ಪದರ. ಚೀಟಿಯನ್ನು ನಿಧಾನವಾಗಿ ತಿರುಗಿಸಿ, ನಾಲ್ಕೂ ಗೆರೆಗಳಲ್ಲಿ ನೋಡಿ.

ನೇರಳೆಬೆಳಕು:
ಅವರು ನೋಡುವಷ್ಟರಲ್ಲಿ ಇನ್ನೊಂದು ಕಡೆಯ ಮೋಸವನ್ನೂ ಹೇಳಿಬಿಡುತ್ತೇನೆ, ಅದರಲ್ಲಿ ನಾನು ಹಣ ಕಳೆದುಕೊಂಡಿದ್ದೇನೆ. ‘ಪೋಸ್ಟೇಜ್ ಮತ್ತು ರೆವೆನ್ಯೂ’ ಎಂದು ಎರಡನ್ನೂ ಬರೆದ ಚೀಟಿಗಳಿವೆಯಲ್ಲ? ಬ್ರಿಟನ್ನಿನ 1881ರ ಒಂದು ಪೆನ್ನಿಯ ನೇರಳೆ ಚೀಟಿ, ಭಾರತದ 1906ರ ಅರ್ಧಾಣೆ ಮತ್ತು ಒಂದಾಣೆ ಚೀಟಿಗಳು ಹೀಗೆ ಎರಡು ಕೆಲಸಕ್ಕೂ ಸಲ್ಲುತ್ತಿದ್ದವು. ಸಣ್ಣ ಬೆಲೆಯವುಗಳಲ್ಲಿ ಮೋಸ ಮಾಡಿ ಲಾಭವಿಲ್ಲ. ಅಪಾಯವಿರುವುದು ಬ್ರಿಟಿಷ್ ವಸಾಹತುಗಳ ದೊಡ್ಡ ಮೊತ್ತದ ಚೀಟಿಗಳಲ್ಲಿ. ಅಂಚೆಯಲ್ಲಿ ಬಳಸಿದ ಪ್ರತಿ ಬಹಳ ದುಬಾರಿ, ದಸ್ತಾವೇಜಿನಲ್ಲಿ ಬಳಸಿದ್ದು ಅದರ ಸಣ್ಣ ಪಾಲಿಗೆ ಸಿಗುತ್ತದೆ. ಆ ಅಂತರಕ್ಕಾಗಿಯೇ ಪೆನ್ನಿನ ಬರಹವನ್ನು ರಾಸಾಯನಿಕ ಹಾಕಿ ತೊಳೆಯುತ್ತಾರೆ. ಆಮೇಲೆ ಹೊಸ ಗೋಂದು ಹಚ್ಚಿ ‘ಬಳಸದ್ದು’ ಎಂದು ಮಾರುತ್ತಾರೆ, ಇಲ್ಲವೇ ನಕಲಿ ಅಂಚೆ ಮೊಹರು ಒತ್ತುತ್ತಾರೆ.

ಹಳೆಯ ಪೆನ್ನಿನ ಶಾಯಿಯಲ್ಲಿ ಕಬ್ಬಿಣದ ಅಂಶ ಇರುತ್ತಿತ್ತು. ಕಣ್ಣಿಗೆ ಕಾಣದಂತೆ ತೊಳೆದರೂ ಉಳಿದ ಅಂಶ ಅತಿನೇರಳೆ ಕಿರಣವನ್ನು ಹೀರಿಕೊಳ್ಳುವುದರಿಂದ, ಆ ದೀಪದಡಿ ಬರಹದ ಜಾಡು ಕಪ್ಪಗೆ ಮೇಲೆದ್ದು ಬರುವುದುಂಟು. ನಾನು ಕೊಂಡ ‘ಬಳಸದ’ ಚೀಟಿಯಲ್ಲಿ ಹಾಗೆಯೇ ಆಯಿತು: ಬರಿಗಣ್ಣಿಗೆ ಶುಭ್ರ, ದೀಪ ಹಚ್ಚಿದರೆ ಯಾರದೋ ಸಹಿಯ ಬಾಲ ಮೂಲೆಯಿಂದ ಮೂಲೆಗೆ. ಇನ್ನೊಂದು ಸುಳಿವು ಬಣ್ಣದ್ದು. ಬರಹ ತೊಳೆದ ಪಟ್ಟಿಯಲ್ಲಿ ಚೀಟಿಯ ಮೂಲ ಬಣ್ಣವೂ ತುಸು ಮಾಸಿರುತ್ತದೆ. ಆನ್‌ಲೈನ್ ಚಿತ್ರದಲ್ಲಿ ಬಣ್ಣದ ಗಾಢತೆ ಏರಿಸಿ ನೋಡಿದರೆ ಆ ಪಟ್ಟಿ ಕೆಲವೊಮ್ಮೆ ಕಂಡುಬಿಡುತ್ತದೆ. ಗೋಂದು ಹಲ್ಲುಗಳ ತುದಿಗೆ ಹತ್ತಿ ಅವು ಗಡುಸಾಗಿದ್ದರೆ ಅದೂ ಆಮೇಲೆ ಹಚ್ಚಿದ್ದು.

ಕಿರುಸಂಗ್ರಹ:
ಮಧ್ಯೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಬಳಿ ಭಾರತದ 1866ರ ಆರಾಣೆಯದೆಂದು ಮಾರಲು ಬಂದ ಚೀಟಿಯ ಚಿತ್ರ ಇದೆ. ಮೇಲೆ ಕೆಳಗೆ ರಂಧ್ರವೇ ಇಲ್ಲ. ‘ರಂಧ್ರ ತಪ್ಪಿದ ದೋಷ’ ಎಂದು ಬರೆದಿದ್ದಾರೆ. ಹಾಗೆಯೇ ಸಂಸ್ಥಾನಗಳ ಮೇಲ್ಮುದ್ರೆಯಲ್ಲಿ ಕಾಗುಣಿತ ತಪ್ಪಿದವು ನಿಜವಾಗಿಯೂ ಇವೆಯೇ?

ರಂಧ್ರಮಾಪಕ:
ಆರಾಣೆಯದು ದೋಷವಲ್ಲ, ಅದರ ಹುಟ್ಟೇ ಹಾಗೆ. ಆರಾಣೆಯ ಅಂಚೆಚೀಟಿ ಬೇಕಾದಾಗ ವಿದೇಶಿ ಹುಂಡಿಗಳಿಗೆ, ಅಂದರೆ ವ್ಯಾಪಾರದ ಹಣ ಪಾವತಿಯ ಪತ್ರಗಳಿಗೆ, ಹಚ್ಚುವ ನೇರಳೆ ರೆವೆನ್ಯೂ ಸ್ಟಾಂಪನ್ನು ತೆಗೆದುಕೊಂಡು, ತಲೆ ಬುಡದ ಪಟ್ಟಿಗಳನ್ನು ಕತ್ತರಿಸಿ, ಹಸಿರು ಶಾಯಿಯಲ್ಲಿ ‘ಪೋಸ್ಟೇಜ್’ ಎಂದು ಒತ್ತಿದರು. ಆದ್ದರಿಂದ ರಂಧ್ರ ಎರಡು ಪಕ್ಕದಲ್ಲಿ ಮಾತ್ರ. ರೆವೆನ್ಯೂ ಸ್ಟಾಂಪು ಅಂಚೆಚೀಟಿಯಾದ ಆ ಕಥೆ ನನಗೆ ಬಹಳ ಇಷ್ಟ. ‘ದೋಷ’ ಎಂದು ಬರೆದವರಿಗೆ ಅದು ತಿಳಿದಿಲ್ಲ ಎಂದಷ್ಟೇ ಇದರ ಅರ್ಥ. ಅಂಥವರ ಉಳಿದ ವಿವರಣೆಯನ್ನೂ ನೆಚ್ಚಿಕೊಳ್ಳಬೇಡಿ, ಹಸಿರು ಮುದ್ರೆಯನ್ನು ಮೇಲೆ ಹೇಳಿದಂತೆಯೇ ಪರೀಕ್ಷಿಸಿ.

ಕಾಗುಣಿತದ ತಪ್ಪುಗಳು ನಿಜವಾಗಿಯೂ ಇವೆ. ಬ್ರಿಟಿಷ್ ಇಂಡಿಯಾದ ಚೀಟಿಗಳ ಮೇಲೆ ಪಟಿಯಾಲ, ಗ್ವಾಲಿಯರ್, ಜಿಂದ್, ನಾಭಾ, ಫರೀದ್‌ಕೋಟ್, ಚಂಬಾ ಎಂಬ ಆರು ಸಂಸ್ಥಾನಗಳ ಹೆಸರು ಒತ್ತುತ್ತಿದ್ದರು. ಚಂಬಾ ಹೆಸರಿನ ಇಂಗ್ಲಿಷ್ ಅಕ್ಷರಗಳಲ್ಲಿ ಎ ಮತ್ತು ಎಂ ಅದಲುಬದಲಾದದ್ದು, ಗ್ವಾಲಿಯರ್‌ನ ಓ ಜಾಗದಲ್ಲಿ ಸಿ ಕೂತದ್ದು ಕ್ಯಾಟಲಾಗಿನಲ್ಲಿ ದಾಖಲಾಗಿವೆ.

ಹಳೆಮೊಳೆ:
ಅದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಮೊಳೆ ಜೋಡಿಸುವವನ ತಪ್ಪು ಆ ಹಾಳೆಯಲ್ಲಿ ಒಂದು ನಿಗದಿತ ಜಾಗದಲ್ಲಿ ಇರುತ್ತದೆ. ಅಚ್ಚು ಬಿಚ್ಚುವವರೆಗೆ ಪ್ರತಿ ಹಾಳೆಯಲ್ಲೂ ಅದೇ ಜಾಗಕ್ಕೆ ಅದೇ ತಪ್ಪು. ಇದು ನಿಜವಾದ ಪ್ರಭೇದ. ಶಾಯಿ ಸಾಲದೆ ಅರ್ಧ ಮೂಡಿದ ಅಕ್ಷರ, ರೋಲರಿನಿಂದ ಬಿದ್ದ ಧೂಳಿನ ಚುಕ್ಕೆ, ಒಂದೆರಡು ಮಿಲಿಮೀಟರ್ ಸರಿದ ಮುದ್ರೆ, ಇವು ಒಂದು ಹಾಳೆಗೆ ಬಂದು ಮುಂದಿನ ಹಾಳೆಗೆ ಹೋಗುವಂಥವು. ಆನ್‌ಲೈನಿನಲ್ಲಿ ‘ಅಪರೂಪದ ದೋಷ’ ಎಂದು ಮಾರುವುದು ಬಹುಪಾಲು ಈ ಎರಡನೆಯ ಬಗೆ. ಕಾಗುಣಿತ ತಪ್ಪಿದ ಚೀಟಿಯನ್ನು ಪಕ್ಕದ ಸರಿಯಾದ ಚೀಟಿಯೊಂದಿಗೆ ಜೋಡಿಯಾಗಿಯೇ ಕೊಳ್ಳುವುದು ಲೇಸು. ಒಂಟಿ ಚೀಟಿಯಲ್ಲಿ ಸಿ ಎಂದು ಕಾಣುವುದು ಯಾರೋ ಕೆರೆದು ತೆಗೆದ ಓ ಆಗಿರಬಹುದು. ಕೆರೆದ ಕಡೆ ಕಾಗದದ ಮೈ ತರಿತರಿಯಾಗಿರುತ್ತದೆ, ಪಕ್ಕದ ಬೆಳಕು ಅದನ್ನು ತೋರಿಸಿಬಿಡುತ್ತದೆ.

ಹೊಸಆಲ್ಬಂ:
ನೋಡಿದೆ. ನಿನ್ನೆ ರಾತ್ರಿ ಒಂದು ಗಂಟೆಗೂ ಹೆಚ್ಚು ಹೊತ್ತು ಟಾರ್ಚ್ ಹಿಡಿದು ಕೂತಿದ್ದೆ. ಮೊದಮೊದಲು ಏನೂ ತಿಳಿಯಲಿಲ್ಲ. ಚೀಟಿಯನ್ನು ಸುಮಾರು ಕಾಲು ಸುತ್ತು ತಿರುಗಿಸಿದಾಗ ನೀಲಿ ಅಕ್ಷರದ ಕಾಲು ಒಂದೇ ತೆಳು ಪೊರೆಯಂತೆ ಹೊಳೆಯಿತು. ಆ ಪೊರೆ ಕಪ್ಪು ಗೆರೆಯನ್ನು ಎಲ್ಲಿಯೂ ತುಂಡಾಗದೆ ದಾಟಿ ಹೋಗಿದೆ. ಅಕ್ಷರಕ್ಕೆ ಸಿಕ್ಕಿದ ಮೂರು ಗೆರೆಗಳಲ್ಲೂ ಹಾಗೆಯೇ ಇದೆ. ಹಲ್ಲಿನ ತುದಿಯನ್ನು ಹಿಗ್ಗಿಸಿ ನೋಡಿದರೆ ಹರಿದ ನಾರುಗಳಲ್ಲಿ ಎರಡು ನೀಲಿಯಾಗಿವೆ. ರಂಧ್ರಮಾಪಕರು ಹೇಳಿದ ಲೆಕ್ಕವನ್ನೂ ಮಾಡಿದೆ: ನೇರ ಮುದ್ರೆಯ ಸಾಮಾನ್ಯ ಚೀಟಿಯ ಚಿತ್ರಕ್ಕಿಂತ ನನ್ನದರಲ್ಲಿ ಎರಡು ಅಕ್ಷರಗಳ ನಡುವಿನ ಅಂತರ ಅರ್ಧ ರಂಧ್ರದಷ್ಟು ಕಿರಿದು.

ಲಕೋಟೆಪ್ರಿಯ:
ಸಂಶಯಕ್ಕೆ ಎಡೆಯಿಲ್ಲ. ಈ ದಿನವೇ ಹಿಂದಿರುಗಿಸಿ. ಮಾರಿದವರಿಗೆ ಬರೆಯುವಾಗ ‘ನಕಲಿ ಕೊಟ್ಟಿರಿ’ ಎಂದು ಆರೋಪಿಸಬೇಡಿ, ಕಂಡದ್ದನ್ನು ಚಿತ್ರಸಹಿತ ಬರೆಯಿರಿ. ಅವರೂ ಯಾರಿಂದಲೋ ಮೋಸಹೋಗಿರಬಹುದು. ಮುಂದಿನ ಸಲ ಹರಾಜು ಕೂಗುವ ಮುನ್ನವೇ ಬೆನ್ನಿನ ಚಿತ್ರ, ಪಕ್ಕದ ಬೆಳಕಿನ ಚಿತ್ರ ಕೇಳಿ. ಪರಿಣತರ ಪ್ರಮಾಣಪತ್ರವಿದೆ ಎಂದರೆ ಅದರ ಮೇಲಿನ ಚಿತ್ರದ ಹಲ್ಲುಗಳನ್ನು ಮಾರಾಟದ ಚೀಟಿಯ ಹಲ್ಲುಗಳೊಂದಿಗೆ ಒಂದೊಂದಾಗಿ ಹೋಲಿಸಿ, ಬೇರೆ ಚೀಟಿಯ ಪತ್ರ ಅಂಟಿಸಿ ಮಾರುವವರಿದ್ದಾರೆ. ಪತ್ರದ ಮಾತನ್ನೂ ಪೂರ್ತಿ ಓದಿ. ‘ಚೀಟಿ ಅಸಲಿ, ಮೇಲ್ಮುದ್ರೆ ನಕಲಿ’ ಎಂದು ಬರೆದ ಪತ್ರದ ಮೊದಲ ಸಾಲನ್ನಷ್ಟೇ ಚಿತ್ರ ತೆಗೆದು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೊಸಆಲ್ಬಂ:
ಹಣ ಮರಳಿ ಬಂತು. ಹಳೆಯ ಆಲ್ಬಮೊಂದರ ಜೊತೆಗೆ ಬಂದ ಚೀಟಿ, ಪರೀಕ್ಷಿಸುವುದು ತಮಗೆ ತಿಳಿಯದು ಎಂದು ಮಾರಿದವರು ಬರೆದರು. ಹೇಗೆ ಕಂಡುಹಿಡಿದಿರಿ ಎಂದೂ ಕೇಳಿದರು. ಹಲ್ಲಿನ ಚಿತ್ರವನ್ನೂ ಟಾರ್ಚ್ ಬೆಳಕಿನ ಚಿತ್ರವನ್ನೂ ಕಳುಹಿಸಿದ್ದೇನೆ. ಅದೇ ಆಲ್ಬಮಿನಿಂದ ಬಂದ ಇನ್ನೆರಡು ‘ಐ.ಆರ್.’ ಚೀಟಿಗಳನ್ನು ಅವರು ಮಾರಾಟದಿಂದ ತೆಗೆದಿದ್ದಾರೆ.

ನಾನು ಹೋಲಿಕೆಗಾಗಿ ನೇರ ಮುದ್ರೆಯ ಸಾಮಾನ್ಯ ಪ್ರತಿಯೊಂದನ್ನು ತರಿಸಿಕೊಂಡೆ, ಬಲು ಅಗ್ಗಕ್ಕೆ ಸಿಕ್ಕಿತು. ಪೆನ್ನಿನಲ್ಲಿ ಎರಡು ಮೊದಲಕ್ಷರ, ಕೆಳಗೆ 1898ರ ಜುಲೈ ತಿಂಗಳ ದಿನಾಂಕ. ಪಕ್ಕದ ಬೆಳಕಿನಲ್ಲಿ ನೀಲಿ ಅಕ್ಷರದ ಸುತ್ತ ಹಳೆಮೊಳೆ ಅವರು ಹೇಳಿದ ಕಟ್ಟೆ ಸ್ಪಷ್ಟವಾಗಿ ಕಾಣುತ್ತದೆ. ಕಂದುಬಣ್ಣಕ್ಕೆ ತಿರುಗಿದ ಪೆನ್ನಿನ ಗೆರೆ ಕಾಗದದ ಮೇಲೆ ಅಗಲವಾಗಿ ಹರಿದು ಬಂದು, ನೀಲಿ ಶಾಯಿಯ ಮೇಲೆ ಹತ್ತುವಾಗ ಹನಿಹನಿಯಾಗಿ ಒಡೆದು, ಆಚೆ ಇಳಿದ ಮೇಲೆ ಮತ್ತೆ ಕೂಡಿಕೊಂಡಿದೆ.